ತೂಬು ತೆಗೆಯುವ ಕೈ

ಕಳೆದ ಮುಂಗಾರಿನಲ್ಲಿ ಊರಿಗೆ ಹೋಗಿದ್ದಾಗ ನನ್ನ ತಮ್ಮ ಹೊಲದಿಂದ ಒಂದು ಹುಳುವನ್ನು ಅಂಗೈಯಲ್ಲಿಟ್ಟುಕೊಂಡು ಬಂದ. ಮೆಕ್ಕೆಜೋಳದ ಸುಳಿ ಬಿಡಿಸಿ ತೆಗೆದದ್ದು. ತಲೆಯ ಮೇಲೆ ತಲೆಕೆಳಗಾದ ವೈ ಅಕ್ಷರದಂಥ ಬಿಳಿ ಗೆರೆ, ಹಿಂಭಾಗದಲ್ಲಿ ಚೌಕವಾಗಿ ಕೂತ ನಾಲ್ಕು ಕಪ್ಪು ಚುಕ್ಕೆ. ಸೈನಿಕ ಹುಳು. 2018ರ ಮೇ ತಿಂಗಳಲ್ಲಿ ಇದು ಭಾರತದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಶಿವಮೊಗ್ಗದ ಜೋಳದ ಹೊಲಗಳಲ್ಲಿ. ಅಂದಿನಿಂದ ನಮ್ಮ ಮನೆಯಲ್ಲಿ ಮಳೆಯ ಮಾತಿನ ಜೊತೆಗೇ ಇದರ ಮಾತೂ ಬರುತ್ತದೆ.

"ಅಕ್ಕ, ನಿನ್ನೆ ಬೆಳಿಗ್ಗೆ ಔಷಧಿ ಹೊಡೆದೆ. ಇದು ಸತ್ತಿಲ್ಲ. ಆದರೆ ಎಲೆಗೆ ಬಾಯಿ ಹಾಕುತ್ತಿಲ್ಲ. ಇದಕ್ಕೆ ಏನಾಗಿದೆ ನೋಡು" ಎಂದ.

ಒಂದು ಕಡ್ಡಿಯಿಂದ ಮುಟ್ಟಿದೆ. ಆರೋಗ್ಯವಾದ ಹುಳುವಾಗಿದ್ದರೆ ಹೊರಳಿ ಸುರುಳಿ ಸುತ್ತಿಕೊಳ್ಳಬೇಕಿತ್ತು. ಇದು ಮಿಸುಕಲಿಲ್ಲ. ಮೈ ಗಿಡ್ಡವಾಗಿ ದಪ್ಪವಾಗಿತ್ತು, ಯಾರೋ ಎರಡೂ ತುದಿಗಳಿಂದ ಒಳಕ್ಕೆ ಒತ್ತಿದ ಹಾಗೆ. ದವಡೆ ಅರ್ಧ ತೆರೆದಿತ್ತು. ತಮ್ಮ ಔಷಧಿಯ ಸೀಸೆ ತಂದು ತೋರಿಸಿದ. ಕ್ಲೋರಾಂಟ್ರಾನಿಲಿಪ್ರೋಲ್, ಲೀಟರ್ ನೀರಿಗೆ 0.4 ಮಿಲಿಲೀಟರ್. ಹೆಸರು ಓದಿದ ಕೂಡಲೇ ನನಗೆ ಮೈ ಜುಮ್ಮೆಂದಿತು. ಇಪ್ಪತ್ತು ವರ್ಷಗಳಿಂದ ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯೆಯ ಪಾಠ ಮಾಡುತ್ತಿದ್ದೇನೆ. ಈ ಔಷಧಿ ಹುಳುವಿನ ದೇಹದಲ್ಲಿ ಹೋಗಿ ಹಿಡಿಯುವ ಜಾಗ, ನಾನು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬರೆಯುವ ಜಾಗವೇ. ಹುಳು ಮಲಗಿದ್ದ ನನ್ನ ತಮ್ಮನ ಅಂಗೈಯ ಸ್ನಾಯುವಿನಲ್ಲೂ ಅದು ಇದೆ. ಸ್ನಾಯುಕೋಶದ ಒಳಗಿನ ಕ್ಯಾಲ್ಸಿಯಂ ಬಾಗಿಲು.

ಈ ಬಾಗಿಲಿನ ಬಗ್ಗೆ ಕನ್ನಡದಲ್ಲಿ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಆ ಹುಳು ನೆಪವಾಯಿತು.

ನಾನು ಎಂಬಿಬಿಎಸ್ ಮೊದಲ ವರ್ಷದಲ್ಲಿದ್ದಾಗ ಪ್ರಯೋಗಾಲಯದಲ್ಲಿ ಕಪ್ಪೆಯ ಮೀನಖಂಡದ ಸ್ನಾಯುವನ್ನು ನರದ ಸಮೇತ ಬಿಡಿಸಿ ತೆಗೆಯುತ್ತಿದ್ದೆವು. ಉರುಳೆಗೆ ಸುತ್ತಿದ ಹೊಳಪು ಕಾಗದಕ್ಕೆ ಸೀಮೆಎಣ್ಣೆ ದೀಪದ ಹೊಗೆಯಿಂದ ಮಸಿ ಹಿಡಿಸಬೇಕು. ಸ್ನಾಯುವಿಗೆ ಕಟ್ಟಿದ ಸನ್ನೆಗೋಲಿನ ಮೊನೆ ಆ ಮಸಿಯನ್ನು ಗೀರುತ್ತಾ ಹೋಗುತ್ತದೆ. ನರಕ್ಕೆ ವಿದ್ಯುತ್ ಮುಟ್ಟಿಸಿದರೆ ಸ್ನಾಯು ಒಮ್ಮೆ ಎಳೆಯುತ್ತದೆ, ಕಾಗದದ ಮೇಲೆ ಒಂದು ಬಿಳಿಯ ದಿಬ್ಬ ಮೂಡುತ್ತದೆ. ಆಮೇಲೆ ಆ ಕಾಗದವನ್ನು ಅರಗಿನ ವಾರ್ನಿಷ್‌ನಲ್ಲಿ ಅದ್ದಿ ಒಣಹಾಕುತ್ತಿದ್ದೆವು. ಕೈಯೆಲ್ಲ ಕಪ್ಪು, ಮೂಗಿನ ತುಂಬ ಅರಗಿನ ವಾಸನೆ. ಆ ಕಪ್ಪೆಗಳನ್ನು ನೆನೆದರೆ ಇವತ್ತಿಗೂ ಮನಸ್ಸು ಭಾರವಾಗುತ್ತದೆ. ಈಗ ಆ ಪ್ರಯೋಗ ನಿಂತಿದೆ, ನಿಂತದ್ದು ಸರಿಯೇ. ಆದರೆ ಆ ಕಾಗದಗಳಲ್ಲಿ ಒಂದನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಅದರಲ್ಲಿ ವಿದ್ಯುತ್ ಮುಟ್ಟಿಸಿದ ಗುರುತಿಗೂ ದಿಬ್ಬ ಏಳುವ ಜಾಗಕ್ಕೂ ನಡುವೆ ಒಂದು ಚಿಕ್ಕ ತೆರಪಿದೆ. ಸೆಕೆಂಡಿನ ನೂರನೆಯ ಒಂದು ಭಾಗ. ಅಷ್ಟು ಹೊತ್ತು ಗೆರೆ ನೆಟ್ಟಗೆ ಸಾಗುತ್ತದೆ, ಏನೂ ಆಗಿಲ್ಲವೆಂಬಂತೆ. ನಮ್ಮ ಮೇಷ್ಟ್ರು ಅದರ ಮೇಲೆ ಬೆರಳಿಟ್ಟು, "ಇಲ್ಲಿ ಸ್ನಾಯು ಏನು ಮಾಡುತ್ತಿದೆ?" ಎಂದು ಕೇಳುತ್ತಿದ್ದರು. ನರದಲ್ಲಿ ಸಂದೇಶ ಓಡುವ ಹೊತ್ತು, ಸನ್ನೆಗೋಲಿನ ಜಡತೆ ಎಲ್ಲವನ್ನೂ ಕಳೆದರೂ ಒಂದೆರಡು ಮಿಲಿಸೆಕೆಂಡ್ ಉಳಿಯುತ್ತದೆ. ಆ ಒಂದೆರಡು ಮಿಲಿಸೆಕೆಂಡಿನೊಳಗೆ ಏನಿದೆ ಎಂದು ಹುಡುಕುವುದಕ್ಕೆ ವಿಜ್ಞಾನಿಗಳಿಗೆ ನೂರು ವರ್ಷ ಹಿಡಿಯಿತು.

ಕ್ಯಾಲ್ಸಿಯಂ ಬೇಕು ಎಂಬುದು ಬೇಗ ಗೊತ್ತಾಯಿತು, ಅದೂ ನಲ್ಲಿ ನೀರಿನ ದೆಸೆಯಿಂದ. ಲಂಡನ್ನಿನಲ್ಲಿ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪಿನ ದ್ರಾವಣದಲ್ಲಿ ಬಡಿಯುವಂತೆ ಇಟ್ಟುಕೊಂಡಿದ್ದರು. ಆ ದ್ರಾವಣಕ್ಕೆ ಬಳಸಿದ್ದು ಬಟ್ಟಿ ಇಳಿಸಿದ ನೀರಲ್ಲ, ಊರಿಗೆ ಕೊಳವೆಯಲ್ಲಿ ಬರುವ ನೀರು ಎಂಬುದು ಆಮೇಲೆ ತಿಳಿಯಿತು. ನಿಜವಾದ ಬಟ್ಟಿ ನೀರು ಬಳಸಿದಾಗ ಹೃದಯ ನಿಂತಿತು. ಕೊಳವೆ ನೀರಿನಲ್ಲಿದ್ದ ಸುಣ್ಣದ ಅಂಶವೇ ಅದನ್ನು ಬಡಿಸುತ್ತಿತ್ತು. 1883ರಲ್ಲಿ ರಿಂಗರ್ ತಮ್ಮ ಹಿಂದಿನ ಬರಹವನ್ನು ತಾವೇ ತಿದ್ದಿ ಪ್ರಕಟಿಸಿದರು. ಆ ತಿದ್ದುಪಡಿಯ ಪ್ರಾಮಾಣಿಕತೆಯನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ಆದರೆ ಕೈಕಾಲಿನ ಸ್ನಾಯು ಹೃದಯದ ಹಾಗಲ್ಲ. ಹೊರಗಿನ ನೀರಿನಿಂದ ಕ್ಯಾಲ್ಸಿಯಂ ಪೂರ್ತಿ ತೆಗೆದರೂ ಅದು ಎಷ್ಟೋ ಹೊತ್ತು ಎಳೆಯುತ್ತಲೇ ಇರುತ್ತದೆ. 1972ರಲ್ಲಿ ಆರ್ಮ್‌ಸ್ಟ್ರಾಂಗ್, ಬೆಜನಿಲ್ಲಾ ಮತ್ತು ಹೊರೊವಿಟ್ಸ್ ಇದನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ತೋರಿಸಿದರು. ಅಂದರೆ ಈ ಸ್ನಾಯು ಹೊರಗಿನಿಂದ ಎರವಲು ತರುವುದಿಲ್ಲ. ತನ್ನೊಳಗೇ ಕೆರೆ ಕಟ್ಟಿಕೊಂಡಿದೆ.

ಕೆರೆ ಎಂದದ್ದು ಬರೀ ಅಲಂಕಾರಕ್ಕಲ್ಲ. ಸ್ನಾಯುಕೋಶದೊಳಗೆ ಸಂಕೋಚನದ ಎಳೆಗಳ ಕಂತೆಗಳಿವೆ, ಪ್ರತಿ ಕಂತೆಯ ಸುತ್ತ ಜಾಲದ ಹಾಗೆ ಹೆಣೆದುಕೊಂಡ ಪೊರೆಯ ಚೀಲಗಳಿವೆ. ಸಾರ್ಕೋಪ್ಲಾಸ್ಮಿಕ್ ರೆಟಿಕ್ಯುಲಂ ಎಂಬ ಉದ್ದನೆಯ ಹೆಸರು ಅದಕ್ಕೆ. ಕೋಶದ ಕ್ಯಾಲ್ಸಿಯಂ ಎಲ್ಲ ಅದರೊಳಗೆ ತುಂಬಿ ನಿಂತಿರುತ್ತದೆ. ಕೆರೆಯ ಹೊರಗೆ, ಎಳೆಗಳಿರುವ ಗದ್ದೆಯಲ್ಲಿ, ಸ್ನಾಯು ಸುಮ್ಮನಿರುವಾಗ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಒಳಗೆ ಹೊರಗೆ ಹತ್ತು ಸಾವಿರ ಪಟ್ಟು ವ್ಯತ್ಯಾಸ. ಇಷ್ಟು ಕಟ್ಟುನಿಟ್ಟು ಏಕೆ ಎಂದರೆ, ಜೀವಕೋಶ ತನ್ನ ದುಡಿಮೆಯನ್ನೆಲ್ಲ ಫಾಸ್ಫೇಟ್ ಮೂಲಕ ನಡೆಸುತ್ತದೆ. ಫಾಸ್ಫೇಟ್ ಇದ್ದಲ್ಲಿ ಕ್ಯಾಲ್ಸಿಯಂ ಹೆಚ್ಚಾದರೆ ಎರಡೂ ಸೇರಿ ಗಟ್ಟಿ ಕಟ್ಟುತ್ತವೆ. ನಮ್ಮ ಮೂಳೆ ಆಗಿರುವುದು ಅದೇ ಜೋಡಿಯಿಂದ. ಆದ್ದರಿಂದ ಕೋಶ ಪೊರೆಯಲ್ಲಿರುವ ಪಂಪುಗಳಿಂದ ಹಗಲೂ ಇರುಳೂ ಕ್ಯಾಲ್ಸಿಯಮ್ಮನ್ನು ಎತ್ತಿ ಕೆರೆಗೆ ಸುರಿಯುತ್ತಲೇ ಇರುತ್ತದೆ. ಕೋಶದ ಇಂಧನವಾದ ಎಟಿಪಿಯ ಒಂದು ಕಣ ಸುಟ್ಟರೆ ಎರಡು ಕ್ಯಾಲ್ಸಿಯಂ ಮೇಲೇರುತ್ತದೆ. ತಗ್ಗಿನ ನೀರನ್ನು ಏತ ಹೊಡೆದು ಎತ್ತುವ ಕೆಲಸವೇ ಇದು. ನಾವು ಕೈಚಾಚಿ ನಿದ್ದೆ ಮಾಡುವಾಗಲೂ ಏತ ನಿಲ್ಲುವುದಿಲ್ಲ.

ಗದ್ದೆಗೆ ನೀರು ಬಿಟ್ಟಾಗ ಆಗುವುದೇನು ಎಂಬುದನ್ನು ಜಪಾನಿನ ಎಬಾಶಿ ಸೆತ್ಸುರೊ ತೋರಿಸಿದರು. ಎಳೆಗಳ ಮೇಲೆ ಕೂತಿರುವ ಟ್ರೋಪೋನಿನ್ ಎಂಬ ಪ್ರೋಟೀನನ್ನು ಅವರು 1960ರ ದಶಕದ ನಡುವಿನಲ್ಲಿ ಕಂಡುಹಿಡಿದರು. ಕ್ಯಾಲ್ಸಿಯಂ ಅದನ್ನು ಹಿಡಿದರೆ ಎಳೆಗಳ ಮೇಲಿನ ತಡೆ ಸರಿಯುತ್ತದೆ, ಎಳೆ ಎಳೆಯ ಮೇಲೆ ಜಾರುತ್ತದೆ, ಸ್ನಾಯು ಗಿಡ್ಡವಾಗುತ್ತದೆ. ಇದನ್ನು ಎಲ್ಲ ಪಠ್ಯಪುಸ್ತಕಗಳೂ ಚೆನ್ನಾಗಿ ಹೇಳುತ್ತವೆ. ನನ್ನನ್ನು ಕಾಡಿದ್ದು ಅದರ ಹಿಂದಿನ ಹೆಜ್ಜೆ. ನರದ ಅಪ್ಪಣೆ ಮುಟ್ಟುವುದು ಕೋಶದ ಹೊರಪೊರೆಗೆ. ಕೆರೆ ಇರುವುದು ಒಳಗೆ. ಹೊರಗಿನ ಸುದ್ದಿ ಒಳಗಿನ ತೂಬಿಗೆ ಹೇಗೆ ತಿಳಿಯುತ್ತದೆ?

ಯಾವುದೋ ವಸ್ತು ಹೊರಪೊರೆಯಿಂದ ಹೊರಟು ಒಳಕ್ಕೆ ಹರಡುತ್ತಾ ಬರುತ್ತದೆ ಎನ್ನೋಣವೆಂದರೆ, 1948ರಲ್ಲಿ ಎ. ವಿ. ಹಿಲ್ ಲೆಕ್ಕ ಹಾಕಿ, ಹಾಗೆ ಹರಡುತ್ತಾ ಹೋದರೆ ಅಷ್ಟು ಬೇಗ ತಂತುವಿನ ನಡುವನ್ನು ಮುಟ್ಟಲು ಸಾಧ್ಯವೇ ಇಲ್ಲ ಎಂದರು. 1950ರ ದಶಕದಲ್ಲಿ ಆಂಡ್ರ್ಯೂ ಹಕ್ಸ್ಲಿ ಮತ್ತು ರಾಬರ್ಟ್ ಟೇಲರ್ ಒಂದೇ ಒಂದು ಸ್ನಾಯುತಂತುವಿನ ಮೇಲ್ಮೈಗೆ ಸೂಕ್ಷ್ಮ ಗಾಜಿನ ಕೊಳವೆಯ ತುದಿ ತಾಗಿಸಿ ಅಲ್ಲಷ್ಟೇ ವಿದ್ಯುತ್ ಕೊಟ್ಟು ನೋಡಿದರು. ಎಲ್ಲ ಜಾಗವೂ ಓಗೊಡಲಿಲ್ಲ. ಪಟ್ಟೆಪಟ್ಟೆಯಾದ ಸ್ನಾಯುವಿನ ಮೇಲೆ ಕೆಲವು ನಿರ್ದಿಷ್ಟ ಬಿಂದುಗಳಲ್ಲಿ ಮುಟ್ಟಿದರೆ ಮಾತ್ರ ಒಳಗೆ ಸೆಳೆತ ಕಾಣುತ್ತಿತ್ತು. ಆ ಬಿಂದುಗಳಲ್ಲಿ ಹೊರಪೊರೆಯೇ ಸಣ್ಣ ಸುರಂಗವಾಗಿ ಕೋಶದೊಳಕ್ಕೆ ಇಳಿದಿದೆ ಎಂದು ಇಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸಿತು. ಈ ಟಿ-ಕೊಳವೆಗಳು ಕೆರೆಯ ಏರಿಯ ಪಕ್ಕದಲ್ಲೇ ಹಾದುಹೋಗುತ್ತವೆ. ಎರಡರ ನಡುವೆ ಉಳಿಯುವ ಅಂತರ ಸುಮಾರು 12 ನ್ಯಾನೊಮೀಟರ್.

ಆ 12 ನ್ಯಾನೊಮೀಟರಿನಲ್ಲಿ ಸಾಲಾಗಿ ಏನೋ ನಿಂತಿದೆ ಎಂದು ಕಂಡವರು ಕ್ಲಾರಾ ಫ್ರಾಂಜಿನಿ-ಆರ್ಮ್‌ಸ್ಟ್ರಾಂಗ್. ಕೆರೆಯ ಕಡೆಯಿಂದ ಎದ್ದು ಕೊಳವೆಯನ್ನು ಮುಟ್ಟುವಂತೆ ನಿಂತ ಗುಜ್ಜು ರಚನೆಗಳು. 1970ರ ತಮ್ಮ ಬರಹದಲ್ಲಿ ಅವರು ಅವಕ್ಕೆ 'ಪಾದಗಳು' ಎಂದು ಹೆಸರಿಟ್ಟರು. ಅವು ಏನು ಮಾಡುತ್ತವೆ ಎಂಬುದು ಆಗ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಕಂಡ ಹಾಗೆಯೇ ಚಿತ್ರಿಸಿ, ಸಾದಾ ಹೆಸರು ಕೊಟ್ಟು, ಮುಂದಿನವರಿಗೆ ಬಿಟ್ಟುಕೊಟ್ಟ ಕೆಲಸ ಅದು.

ಇನ್ನು ನನ್ನ ಪ್ರೀತಿಯ ಚಿತ್ರದ ವಿಷಯಕ್ಕೆ ಬರುತ್ತೇನೆ. 1973ರಲ್ಲಿ ಷ್ನೈಡರ್ ಮತ್ತು ಚಾಂಡ್ಲರ್ ಸ್ನಾಯುಪೊರೆಯಲ್ಲಿ ಒಂದು ಅತಿ ಸಣ್ಣ ವಿದ್ಯುತ್ ಚಲನೆಯನ್ನು ಅಳೆದರು. ಪೊರೆಯ ಮೂಲಕ ಯಾವ ಅಯಾನೂ ದಾಟುತ್ತಿರಲಿಲ್ಲ, ಆದರೂ ವೋಲ್ಟೇಜ್ ಬದಲಾದಾಗ ಪೊರೆಯೊಳಗೇ ಏನೋ ವಿದ್ಯುದಂಶ ಹೊತ್ತದ್ದು ಒಂದು ಗುಕ್ಕು ಸರಿದು ನಿಲ್ಲುತ್ತಿತ್ತು. ಮೂರು ವರ್ಷಗಳ ಬಳಿಕ ರಕೋವ್ಸ್ಕಿಯ ಜೊತೆ ಸೇರಿ ಬರೆದಾಗ, ಆ ಸರಿದಾಟಕ್ಕೂ ಕ್ಯಾಲ್ಸಿಯಂ ಬಿಡುಗಡೆಗೂ ಇರಬಹುದಾದ ನಂಟನ್ನು ಅವರು ಒಂದು ರೇಖಾಚಿತ್ರದಲ್ಲಿ ಮುಂದಿಟ್ಟರು. ಮೇಲೆ ಕೊಳವೆಯ ಪೊರೆ, ಕೆಳಗೆ ಕೆರೆಯ ಪೊರೆ. ಕೆರೆಯ ಪೊರೆಯಲ್ಲಿ ತೂತು, ತೂತಿಗೆ ಬಿರಡೆ. ಬಿರಡೆಯಿಂದ ಎದ್ದ ಒಂದು ನೀಳ ಸಲಾಕೆ ಮೇಲಿನ ಪೊರೆಯ ತನಕ ಬಂದಿದೆ. ಮೇಲೆ ವೋಲ್ಟೇಜ್ ಬದಲಾದರೆ ಸಲಾಕೆ ಮೇಲೇಳುತ್ತದೆ, ಬಿರಡೆ ಕಳಚುತ್ತದೆ, ಕ್ಯಾಲ್ಸಿಯಂ ನುಗ್ಗುತ್ತದೆ.

ಸ್ನಾತಕೋತ್ತರ ಓದಿನ ದಿನಗಳಲ್ಲಿ ಗ್ರಂಥಾಲಯದಲ್ಲಿ ಕೂತು ಆ ಚಿತ್ರ ನೋಡಿದಾಗ ನನಗೆ ನಮ್ಮೂರ ಕೆರೆಯೇ ಕಣ್ಣಮುಂದೆ ಬಂತು. ನಮ್ಮ ಕೆರೆಯ ಹಳೆಯ ತೂಬಿಗೆ ನೀರಿನಲ್ಲಿ ನಿಂತ ಎರಡು ಕಲ್ಲುಕಂಬಗಳು. ಕಂಬಗಳ ನಡುವೆ ತೂತು ಕೊರೆದ ಅಡ್ಡಗಲ್ಲು. ಆ ತೂತಿನಿಂದ ಕೆಳಗಿಳಿದ ಮರದ ಗಳ, ಗಳದ ತುದಿಗೆ ನೀರಿನಡಿಯಲ್ಲಿ ಬಿರಡೆ. ನೀರು ಬಿಡುವ ದಿನ ನೀರುಗಂಟಿ ಕಂಬದ ಮೇಲೆ ಹತ್ತಿ ನಿಂತು ಗಳವನ್ನು ಎರಡೂ ಕೈಯಿಂದ ಎತ್ತುತ್ತಿದ್ದ. ಬಿರಡೆ ಕಣ್ಣಿಗೆ ಕಾಣುತ್ತಿರಲಿಲ್ಲ, ಆದರೆ ಏರಿಯ ಆಚೆ ಕಾಲುವೆಯಲ್ಲಿ ನೀರು ಬುಳುಬುಳು ಎನ್ನುವುದು ಕೇಳುತ್ತಿತ್ತು. ಸಂದೇಶವಿಲ್ಲ, ದೂತನಿಲ್ಲ. ಮೇಲಿನ ಕೈ ಎತ್ತಿದ ಕ್ಷಣವೇ ಕೆಳಗಿನ ತೂಬು ತೆರೆಯಿತು, ಏಕೆಂದರೆ ಎರಡೂ ಒಂದೇ ಗಳದ ಎರಡು ತುದಿ. ಸ್ನಾಯುವಿನ ಆ ಒಂದೆರಡು ಮಿಲಿಸೆಕೆಂಡಿನ ಗುಟ್ಟು ಇದೇ. ಇಂದಿಗೂ ತರಗತಿಯಲ್ಲಿ ನಾನು ಮೊದಲು ಬರೆಯುವುದು ಆ ಕಲ್ಲುಕಂಬಗಳನ್ನೇ.

ಆ ಚಿತ್ರವನ್ನು ಬರೆದಾಗ ಅದು ಊಹೆ. ಹತ್ತು ಹದಿನೈದು ವರ್ಷಗಳಲ್ಲಿ ಒಂದೊಂದು ಭಾಗಕ್ಕೂ ನಿಜವಾದ ಪ್ರೋಟೀನ್ ಸಿಕ್ಕಿತು. ಹುಟ್ಟುವಾಗಲೇ ಉಸಿರಾಡಲಾಗದೆ ಸಾಯುವ ಒಂದು ಬಗೆಯ ಇಲಿಮರಿಗಳಿವೆ. ಅವುಗಳ ಸ್ನಾಯುವಿಗೆ ವಿದ್ಯುತ್ ಸಂದೇಶ ಸರಿಯಾಗಿ ಬರುತ್ತದೆ, ಕೆರೆಯಲ್ಲಿ ಕ್ಯಾಲ್ಸಿಯಮ್ಮೂ ಇದೆ, ಆದರೆ ಸ್ನಾಯು ಮಿಸುಕುವುದಿಲ್ಲ. 1988ರಲ್ಲಿ ತನಾಬೆ, ಬೀಮ್, ಪೊವೆಲ್ ಮತ್ತು ನೂಮಾ ಅಂಥ ಇಲಿಯ ಸ್ನಾಯುಕೋಶಗಳನ್ನು ಬೆಳೆಸಿ, ಅವಕ್ಕೆ ಒಂದೇ ಒಂದು ಪ್ರೋಟೀನಿನ ಜೀನನ್ನು ಚುಚ್ಚಿ ಸೇರಿಸಿದರು. ಕೋಶಗಳು ಎಳೆಯತೊಡಗಿದವು. ಕೊಳವೆಯ ಪೊರೆಯಲ್ಲಿ ಕೂತು ವೋಲ್ಟೇಜನ್ನು ಗ್ರಹಿಸುವ ಪ್ರೋಟೀನ್ ಅದು, ನಮ್ಮ ನೀರುಗಂಟಿ. ಕೆರೆಯ ಕಡೆಯ 'ಪಾದ'ವೇ ತೂಬು ಎಂಬುದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ ಖಚಿತವಾಯಿತು. ಐದು ಸಾವಿರಕ್ಕೂ ಹೆಚ್ಚು ಅಮೈನೊ ಆಮ್ಲಗಳ ಸರಪಳಿ ಒಂದು, ಅಂಥ ನಾಲ್ಕು ಸೇರಿದರೆ ಒಂದು ತೂಬು. ತೂಕದಲ್ಲಿ ಹಿಮೋಗ್ಲೋಬಿನ್‌ನ ಮೂವತ್ತಕ್ಕೂ ಹೆಚ್ಚು ಪಟ್ಟು. ನಮಗೆ ತಿಳಿದಿರುವ ಅಯಾನು ದ್ವಾರಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. 2015ರಲ್ಲಿ ಮೂರು ತಂಡಗಳು ಇದರ ರಚನೆಯನ್ನು ಬಹಳ ಹತ್ತಿರದಿಂದ ಬಿಡಿಸಿ ತೋರಿಸಿದವು. ನೋಡಿದರೆ ಅಣಬೆಯ ಹಾಗಿದೆ. ಕಾಂಡ ಕೆರೆಯ ಪೊರೆಯಲ್ಲಿ ಹೂತಿದೆ, ಅಗಲವಾದ ಕೊಡೆ ಕೊಳವೆಯ ಕಡೆಗೆ ಚಾಚಿದೆ. ಇಷ್ಟೆಲ್ಲ ಮೈ ಇರುವುದು, ನಡುವಿನ ಒಂದು ಸಣ್ಣ ಕಿಂಡಿಯನ್ನು ಸರಿಯಾದ ಹೊತ್ತಿಗೆ ತೆರೆದು, ಸರಿಯಾದ ಹೊತ್ತಿಗೆ ಮುಚ್ಚುವುದಕ್ಕೆ.

ಮುಚ್ಚುವ ವಿಷಯ ಹೇಳಲೇಬೇಕು. ಪಾಠದಲ್ಲಿ ನಾವು ತೆರೆಯುವುದನ್ನೇ ಹೆಚ್ಚು ಹೇಳುತ್ತೇವೆ, ಆದರೆ ಜೀವಕ್ಕೆ ಕುತ್ತು ಬರುವುದು ಮುಚ್ಚದಿದ್ದಾಗ.

1960ರಲ್ಲಿ ಮೆಲ್ಬರ್ನ್‌ನ ಆಸ್ಪತ್ರೆಯೊಂದಕ್ಕೆ ಕಾರು ಬಡಿದು ಕಾಲು ಮುರಿದ 21 ವರ್ಷದ ಯುವಕನೊಬ್ಬ ಬಂದ. ಅವನಿಗೆ ಮುರಿದ ಕಾಲಿಗಿಂತ ಅರಿವಳಿಕೆಯ ಭಯವೇ ಹೆಚ್ಚಾಗಿತ್ತು. ತನ್ನ ಬಂಧುಗಳಲ್ಲಿ ಹತ್ತು ಮಂದಿ ಅರಿವಳಿಕೆ ಕೊಟ್ಟಾಗ ಸತ್ತಿದ್ದಾರೆ ಎಂದು ಅವನು ವೈದ್ಯರಿಗೆ ಹೇಳಿದ. ಅವರಿಗೆಲ್ಲ ಕೊಟ್ಟದ್ದು ಈಥರ್. ಇವನಿಗೆ ಆಗ ಹೊಸದಾಗಿದ್ದ ಹ್ಯಾಲೊಥೇನ್ ಕೊಟ್ಟರು. ಹತ್ತು ನಿಮಿಷದಲ್ಲೇ ರಕ್ತದೊತ್ತಡ ಕುಸಿಯಿತು, ಮೈ ಬೆಂಕಿಯಾಯಿತು. ಅನಿಲ ನಿಲ್ಲಿಸಿ, ಮಂಜುಗಡ್ಡೆ ಸುತ್ತಿ, ಅವನನ್ನು ಉಳಿಸಿಕೊಂಡರು. ಡೆನ್‌ಬರೊ ಮತ್ತು ಲೊವೆಲ್ ಎಂಬ ವೈದ್ಯರು ಅವನ ಮಾತನ್ನು ನಂಬಿ, ಆ ಮನೆತನದ ಸಾವುಗಳನ್ನು ಕಲೆಹಾಕಿ, ಲ್ಯಾನ್ಸೆಟ್ ಪತ್ರಿಕೆಗೆ ಒಂದು ಚಿಕ್ಕ ಪತ್ರ ಬರೆದರು. ರೋಗಿ ಹೇಳುವುದನ್ನು ಕೂತು ಕೇಳುವುದು ಎಂದರೇನು ಎಂದು ಯಾವ ವಿದ್ಯಾರ್ಥಿ ಕೇಳಿದರೂ ನಾನು ಈ ಘಟನೆಯನ್ನು ಹೇಳುತ್ತೇನೆ.

ಅಂಥವರಲ್ಲಿ ಬಹುಪಾಲು ಜನರ ತೂಬನ್ನು ಕಟ್ಟುವ ಜೀನಿನ ಬರಹದಲ್ಲೇ ಒಂದು ಅಕ್ಷರ ತಪ್ಪಿರುತ್ತದೆ. ಬದುಕಿನುದ್ದಕ್ಕೂ ಏನೂ ತೊಂದರೆ ಕಾಣದಿರಬಹುದು. ಕೆಲವು ಅರಿವಳಿಕೆ ಅನಿಲಗಳು ತಾಗಿದಾಗ ಮಾತ್ರ ತೂಬು ತೆರೆದುಕೊಂಡು ಹಾಗೆಯೇ ನಿಂತುಬಿಡುತ್ತದೆ. ಗದ್ದೆಯಲ್ಲಿ ಕ್ಯಾಲ್ಸಿಯಂ ಇಳಿಯುವುದೇ ಇಲ್ಲ. ಎಳೆಗಳು ಎಳೆಯುತ್ತಲೇ ಇರುತ್ತವೆ, ಏತವೂ ಹುಚ್ಚು ಹಿಡಿದಂತೆ ನೀರೆತ್ತುತ್ತಿರುತ್ತದೆ. ಎರಡಕ್ಕೂ ಎಟಿಪಿ ಸುಡಬೇಕು. ಆ ಸುಡುವಿಕೆಯ ಕಾವೇ ಜ್ವರವಾಗಿ ಏರುತ್ತದೆ. ದವಡೆ ಬಿಗಿಯುತ್ತದೆ, ಮೈ ಮರಗಟ್ಟುತ್ತದೆ. ಹಂದಿಗಳಲ್ಲೂ ಇದೇ ತೊಂದರೆಯಿತ್ತು. ಕೊಬ್ಬಿಲ್ಲದ ಮಾಂಸಕ್ಕಾಗಿ ಆರಿಸಿ ಬೆಳೆಸಿದ ತಳಿಗಳು ಲಾರಿಯಲ್ಲಿ ಸಾಗಿಸುವಾಗ ಗಾಬರಿಗೇ ಸಾಯುತ್ತಿದ್ದವು. ಅವುಗಳ ತೂಬಿನ 615ನೆಯ ಜಾಗದಲ್ಲಿ ಆರ್ಜಿನಿನ್ ಎಂಬ ಅಮೈನೊ ಆಮ್ಲದ ಬದಲು ಸಿಸ್ಟೀನ್ ಕೂತಿದೆ ಎಂದು 1991ರಲ್ಲಿ ತಿಳಿಯಿತು. ಅದಕ್ಕೂ ಮೊದಲೇ, 1975ರಲ್ಲಿ, ಕೇಪ್ ಟೌನಿನ ಗೇಸ್‌ಫರ್ಡ್ ಹ್ಯಾರಿಸನ್ ಅಂಥ ಹಂದಿಗಳ ಮೇಲೆ ಡ್ಯಾಂಟ್ರೋಲಿನ್ ಎಂಬ ಔಷಧಿ ಪ್ರಯೋಗಿಸಿ, ಅದು ಪ್ರಾಣ ಉಳಿಸುತ್ತದೆ ಎಂದು ತೋರಿಸಿದ್ದರು. ಆ ಔಷಧಿ ಮಾಡುವ ಕೆಲಸ ತೂಬಿನ ಸೋರಿಕೆಯನ್ನು ತಗ್ಗಿಸುವುದು. ಒಂದು ಕಾಲದಲ್ಲಿ ಹತ್ತರಲ್ಲಿ ಏಳೆಂಟು ಮಂದಿಯನ್ನು ಕೊಲ್ಲುತ್ತಿದ್ದ ಈ ಅವಘಡದಲ್ಲಿ ಈಗ, ಔಷಧಿ ಕೈಗೆಟುಕುವಂತಿದ್ದರೆ, ಸಾಯುವವರು ಬಹಳ ಕಡಿಮೆ.

ತಮ್ಮನ ಅಂಗೈಯ ಹುಳುವಿಗೆ ಆಗಿದ್ದೂ ಇದೇ. ಔಷಧಿ ಅದರ ತೂಬುಗಳನ್ನು ತೆರೆದು ಹಿಡಿದಿತ್ತು. ಕೆರೆ ಬರಿದಾಗಿತ್ತು. ದವಡೆಯ ಸ್ನಾಯುವಿಗೆ ಮತ್ತೊಮ್ಮೆ ಕಚ್ಚಲು ಬೇಕಾದ ಕ್ಯಾಲ್ಸಿಯಂ ಒಳಗೆ ಉಳಿದಿರಲಿಲ್ಲ. ಅದು ಹೊಟ್ಟೆ ಹಸಿದೇ ಎರಡು ಮೂರು ದಿನಗಳಲ್ಲಿ ಸಾಯುತ್ತದೆ. ಈ ಔಷಧಿಗಳು ಬಳಕೆಗೆ ಬಂದದ್ದು 2007ರ ಆಸುಪಾಸಿನಲ್ಲಿ, ಆದರೆ ಉಪಾಯ ಹಳೆಯದು. ತೂಬಿಗೆ ವಿಜ್ಞಾನಿಗಳು ಇಟ್ಟಿರುವ ಹೆಸರು ರಯನೊಡಿನ್ ಗ್ರಾಹಕ. ರಯನೊಡಿನ್ ಎಂಬುದು ದಕ್ಷಿಣ ಅಮೆರಿಕದ ರಯಾನಿಯಾ ಗಿಡದ ವಿಷ. 1940ರ ದಶಕದಲ್ಲಿ ಆ ಗಿಡದ ಪುಡಿಯನ್ನು ಅಮೆರಿಕದಲ್ಲಿ ಜೋಳದ ಕಾಂಡಕೊರಕ ಹುಳುವಿಗೆ ಎರಚುತ್ತಿದ್ದರು. ಆ ವಿಷ ತೂಬಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆ ಅಂಟನ್ನೇ ಹಿಡಿದು ನಲವತ್ತು ವರ್ಷಗಳ ಬಳಿಕ ಸ್ನಾಯುವಿನಿಂದ ತೂಬನ್ನು ಬೇರ್ಪಡಿಸಿ ಹೊರತೆಗೆದರು. ಜೋಳದ ಹೊಲದಿಂದ ಪ್ರಯೋಗಾಲಯಕ್ಕೆ ಹೋದ ವಿದ್ಯೆ ಅದು, ಈಗ ಮತ್ತೆ ನಮ್ಮ ಜೋಳದ ಹೊಲಕ್ಕೆ ಬಂದಿದೆ.

ಇದನ್ನೆಲ್ಲ ತೂಬು, ಬಿರಡೆ, ಏತ ಎಂದು ಹೇಳಿದಾಗ ತಮ್ಮನಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಹಾಗಾದರೆ ಅಕ್ಕ, ಇದು ನಮ್ಮ ತೂಬಿಗೂ ತಾಗುವುದಿಲ್ಲವೇ?"

ತಾಗುವುದಿಲ್ಲವೆಂದೇ ಹೇಳಬಹುದು. ಔಷಧಿ ಕೂರುವ ಗೂಡು ಹುಳುವಿನ ತೂಬಿನಲ್ಲಿ ಒಂದು ಬಗೆ, ನಮ್ಮದರಲ್ಲಿ ಇನ್ನೊಂದು ಬಗೆ. ನಮ್ಮ ತೂಬು ಅಲುಗಬೇಕಾದರೆ ನೂರಾರು ಪಟ್ಟು ಹೆಚ್ಚು ಬೇಕು. ಆದರೆ ಆ ಗೂಡಿನ ಬೀಗ ಹುಳುವಿನಲ್ಲೂ ಬದಲಾಗುತ್ತದೆ. ಫಿಲಿಪೀನ್ಸ್ ಮತ್ತು ಥಾಯ್ಲೆಂಡಿನ ಎಲೆಕೋಸಿನ ತೋಟಗಳಲ್ಲಿ ಇದೇ ಗುಂಪಿನ ಔಷಧಿಯನ್ನು ಮತ್ತೆ ಮತ್ತೆ ಹೊಡೆದಾಗ, ಡೈಮಂಡ್‌ಬ್ಯಾಕ್ ಪತಂಗದ ತೂಬಿನ 4946ನೆಯ ಜಾಗದಲ್ಲಿ ಗ್ಲೈಸಿನ್ ಹೋಗಿ ಗ್ಲುಟಾಮಿಕ್ ಆಮ್ಲ ಬಂದು ಕೂತಿತು. ಅಷ್ಟಕ್ಕೇ ಔಷಧಿ ಹಿಡಿಯದಾಯಿತು. "ಒಂದೇ ಔಷಧಿಯನ್ನು ಬಿಡದೆ ಹೊಡೆಯಬೇಡ" ಎಂದೆ. ಕೃಷಿ ಇಲಾಖೆಯವರೂ ಅದನ್ನೇ ಹೇಳಿದ್ದಾರೆ ಎಂದ.

ಆಮೇಲೆ ನಾನು ಕೆರೆಯ ಸಂಗತಿ ಹೇಳಿದೆ. ನೀರಿನಲ್ಲಿರುವ ಕಣ್ಣಿಗೆ ಕಾಣುವಷ್ಟೇ ಗಾತ್ರದ ಹುಳುಗಳಲ್ಲೂ, ಮೀನುಮರಿಗಳು ತಿಂದು ಬೆಳೆಯುವ ನೀರುಚಿಗಟಗಳಲ್ಲೂ ಇದೇ ಬಗೆಯ ತೂಬು ಇದೆ, ಅವಕ್ಕೆ ಈ ಔಷಧಿ ಬಹಳ ಕಡಿಮೆ ಪ್ರಮಾಣದಲ್ಲೂ ವಿಷ. ತಮ್ಮ ಅಂಗೈಯ ಹುಳುವನ್ನು ಬದುವಿನ ಮೇಲೆ ಇಟ್ಟ. ಸ್ಪ್ರೇಯರ್ ಡಬ್ಬವನ್ನು ಎಂದಿನಂತೆ ಕಾಲುವೆಯ ಪಕ್ಕದಲ್ಲಿ ತೊಳೆಯಲೆಂದು ಇಟ್ಟಿದ್ದ. ಏನೂ ಹೇಳದೆ ಅದನ್ನು ಎತ್ತಿ ಬೆನ್ನಿಗೆ ಹಾಕಿಕೊಂಡು ಹೊಲದ ಮೇಲಿನ ಮೂಲೆಗೆ, ನೀರಿನಿಂದ ದೂರದ ಬೀಡು ಬಿದ್ದ ನೆಲದ ಕಡೆಗೆ ನಡೆದ. ನಾನು ಎರಡು ಕೊಡ ನೀರು ಹೊತ್ತುಕೊಂಡು ಅವನ ಹಿಂದೆ ಹೋದೆ.